ರಕ್ಷಣೆ ಅಂದ್ರೆ ಸತ್ತಮೇಲೆ ಸ್ವರ್ಗಕ್ಕೆ ಹೋಗೋದು ಅಷ್ಟೇನಾ? ಸತ್ಯವೇದ (ಬೈಬಲ್) ಏನ್ ಹೇಳುತ್ತೆ?

ತೋಮನ_ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೇಲಿ ಇರೋ ಪ್ರಶ್ನೆ ಇದು, ಗೊತ್ತಿರೋರು ದಯವಿಟ್ಟು ನಿಧಾನವಾಗಿ ಹೇಳಿ. "ನಿಮಗೆ ರಕ್ಷಣೆ ಆಗಿದೆಯಾ" ಅಂತ ಕೇಳ್ತಾರಲ್ಲ, ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಉತ್ತರ ಕೊಡಬೇಕು ಅನ್ನೋ ಹಾಗೆ ಕೇಳ್ತಾರೆ. ಆದ್ರೆ ನಾನು ಓದ್ತಾ ಹೋದಷ್ಟೂ ಅದು ಅಷ್ಟು ಸಿಂಪಲ್ ಆಗಿ ಕಾಣ್ತಿಲ್ಲ. ಎಫೆಸ ಪತ್ರಿಕೆ 2:8ರಲ್ಲಿ (ಅಂದ್ರೆ 2ನೇ ಅಧ್ಯಾಯ, 8ನೇ ವಚನ) ಕೃಪೆಯಿಂದ ನಂಬಿಕೆಯ ಮೂಲಕ ರಕ್ಷಣೆ, ಕ್ರಿಯೆಗಳಿಂದ ಅಲ್ಲ ಅಂತ ಯೇಸುವಿನ ಅಪೊಸ್ತಲ ಪೌಲ ಹೇಳ್ತಾನೆ. ಯಾಕೋಬನ ಪತ್ರಿಕೆ 2:24ಕ್ಕೆ ಬಂದ್ರೆ ಮನುಷ್ಯ ಬರೀ ನಂಬಿಕೆಯಿಂದ ನೀತಿವಂತ ಅನ್ನಿಸಿಕೊಳ್ಳಲ್ಲ, ಕ್ರಿಯೆಗಳಿಂದಲೂ ಹೌದು ಅಂತ ಇದೆ. ಫಿಲಿಪ್ಪಿ 2:12ರಲ್ಲಿ ಅದೇ ಪೌಲ ಭಯದಿಂದ ನಡುಗ್ತಾ ನಿಮ್ಮ ರಕ್ಷಣೆಯನ್ನ ಸಾಧಿಸಿಕೊಳ್ಳಿ ಅಂತಾನೆ. ಇದರಲ್ಲಿ ಯಾವುದನ್ನ ಹಿಡ್ಕೊಳ್ಳೋದು? ಅದಕ್ಕಿಂತ ಮೊದಲು, ರಕ್ಷಣೆ ಅಂದ್ರೆ ಯಾವುದರಿಂದ ರಕ್ಷಣೆ?

ಹಳೇಒಡಂಬಡಿಕೆ_ಓದುಗ:
ನಿಮ್ಮ ಕೊನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಅದನ್ನ ಬಿಟ್ಟು ನೇರವಾಗಿ ಪೌಲನ ಹತ್ರ ಹೋದ್ರೆ ಅರ್ಧ ಕಥೆ ಕೈ ತಪ್ಪುತ್ತೆ.

ಸತ್ಯವೇದದಲ್ಲಿ ರಕ್ಷಣೆ ಅಂದ್ರೇನು ಅಂತ ಇಡೀ ಜನಾಂಗ ಕಣ್ಣಾರೆ ನೋಡಿದ್ದು ವಿಮೋಚನಕಾಂಡ 14ರಲ್ಲಿ. ಮುಂದೆ ಸಮುದ್ರ, ಹಿಂದೆ ಫರೋಹನ ರಥಗಳು, ಜನ ಮೋಶೆ ಮೇಲೆ ರೇಗ್ತಿದ್ದಾರೆ, ಐಗುಪ್ತದಲ್ಲಿ (ಈಜಿಪ್ಟ್) ಸಮಾಧಿ ಇರ್ಲಿಲ್ಲ ಅಂತ ನಮ್ಮನ್ನ ಸಾಯೋಕೆ ಇಲ್ಲಿಗೆ ಕರ್ಕೊಂಡು ಬಂದ್ಯಾ ಅಂತ. ಆಗ ಮೋಶೆ ಹೇಳೋದು ಹೆದರಬೇಡಿ, ಸುಮ್ಮನೆ ನಿಂತು ಯೆಹೋವನು ಇವತ್ತು ಮಾಡೋ ರಕ್ಷಣೆಯನ್ನ ನೋಡಿ ಅಂತ. ಇಲ್ಲಿ ಸ್ವರ್ಗದ ಮಾತೇ ಇಲ್ಲ. ಗುಲಾಮರಾಗಿದ್ದವರು ಜೀವಂತವಾಗಿ ಆಚೆ ದಡ ಸೇರಿದ್ರು, ಅದೇ ರಕ್ಷಣೆ. 15ನೇ ಅಧ್ಯಾಯದ ಹಾಡಿನಲ್ಲಿ ಅದನ್ನೇ ಹಾಡಿದ್ರು.

ಈಗ ಕ್ರಮ ಗಮನಿಸಿ, ನನಗೆ ಇದು ಇಡೀ ಗ್ರಂಥದ ಬೀಗದ ಕೈ ಅನ್ನಿಸುತ್ತೆ. ಐಗುಪ್ತ ಬಿಡೋ ರಾತ್ರಿ ಕೊಯ್ದ ಪಸ್ಕ ಹಬ್ಬದ ಕುರಿ 12ನೇ ಅಧ್ಯಾಯ, ಸಮುದ್ರ ದಾಟಿದ್ದು 14, ಹತ್ತು ಆಜ್ಞೆಗಳು ಬಂದಿದ್ದು 20. ಆಜ್ಞೆ ಕೊಟ್ಟು, ಇದನ್ನೆಲ್ಲ ಪಾಲಿಸಿದ್ರೆ ಆಮೇಲೆ ಬಿಡಿಸ್ತೀನಿ ಅಂತ ದೇವರು ಹೇಳಲೇ ಇಲ್ಲ. ಮೊದಲು ಬಿಡಿಸಿದ, ಆಮೇಲೆ ಸೀನಾಯಿ ಬೆಟ್ಟದ ಹತ್ರ ಕೂರಿಸಿ ನಾನು ನಿಮ್ಮನ್ನ ಐಗುಪ್ತದ ದಾಸತ್ವದಿಂದ ಹೊರಗೆ ತಂದ ದೇವರು ಅಂತ ಶುರು ಮಾಡಿ ಹೀಗೆ ಬದುಕಿ ಅಂದ. 20:2 ಬಿಟ್ಟು 20:3ರಿಂದ ಓದೋರಿಗೆ ಹಳೇ ಒಡಂಬಡಿಕೆ ಬರೀ ಕಾನೂನು ಪುಸ್ತಕ ಥರ ಕಾಣುತ್ತೆ. ಅದು ದೊಡ್ಡ ಅನ್ಯಾಯ.

ಆಮೇಲೆ ಕೀರ್ತನೆಗಳಲ್ಲಿ ಶತ್ರು, ಕಾಯಿಲೆ, ಸುಳ್ಳು ಆರೋಪ, ಸಾವಿನ ಗುಂಡಿ, ಎಲ್ಲದರಿಂದಲೂ ರಕ್ಷಿಸು ಅಂತ ಕೂಗ್ತಾರೆ. ಯೆಶಾಯನಲ್ಲಿ ಬಾಬೆಲಿನ ಸೆರೆಯಿಂದ ಬಿಡುಗಡೆ, ಅದಕ್ಕೆ ಪರ್ಷಿಯದ ರಾಜ ಕೋರೆಷನನ್ನ ದೇವರು ತನ್ನ ಅಭಿಷಿಕ್ತ ಅಂತಲೇ ಕರೀತಾನೆ (45:1). ಆದ್ರೆ ಜನ ಊರಿಗೆ ವಾಪಸ್ ಬಂದ್ರೂ ಒಳಗಿನ ರೋಗ ಹೋಗ್ಲಿಲ್ಲ, ಬಿಡುಗಡೆ ಆದವರೇ ತಮ್ಮ ಬಡ ಅಣ್ಣತಮ್ಮಂದಿರನ್ನ ಸಾಲಕ್ಕೆ ದಾಸರಾಗಿ ಹಿಡ್ಕೊಂಡ್ರು, ನೆಹೆಮೀಯ 5 ಓದಿ. ಅದಕ್ಕೇ ಯೆರೆಮೀಯ 31 ಹೃದಯದ ಮೇಲೆ ಬರೆಯೋ ಹೊಸ ಒಡಂಬಡಿಕೆ ಬಗ್ಗೆ, ಯೆಹೆಜ್ಕೇಲ 36 ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡೋದರ ಬಗ್ಗೆ ಮಾತಾಡುತ್ತೆ. ಫರೋಹ ಹೊರಗೆ ಮಾತ್ರ ಇಲ್ಲ, ಒಳಗೂ ಇದಾನೆ ಅಂತ ಪ್ರವಾದಿಗಳಿಗೆ ಗೊತ್ತಾಗಿತ್ತು. ಮತ್ತಾಯ 1:21ಕ್ಕೆ ಬನ್ನಿ ಈಗ. ರೋಮಿನ ಆಳ್ವಿಕೆ ಇರೋ ಕಾಲದಲ್ಲಿ ಹುಟ್ಟೋ ಮಗು ತನ್ನ ಜನರನ್ನ ಅವರ ಪಾಪಗಳಿಂದ ರಕ್ಷಿಸ್ತಾನೆ ಅಂತ ದೂತ ಹೇಳೋದು, ಆ ಕಾಲದ ಕಿವಿಗೆ ಎಷ್ಟು ಅನಿರೀಕ್ಷಿತ ಅಂತ ಯೋಚನೆ ಮಾಡಿ.

ಲೂಕನ_ಅಭಿಮಾನಿ:
ಮೇಲಿನವರು ಹೇಳಿದ ಕ್ರಮ ಲೂಕನ ಸುವಾರ್ತೆಲೂ ಹಾಗೇ ಇದೆ, ಜಕ್ಕಾಯನ ಕಥೆ ನೋಡಿ (ಲೂಕ 19).

ಎಲ್ಲರೂ ಅದನ್ನ ಗಿಡ ಹತ್ತಿದ ಕುಳ್ಳ ಮನುಷ್ಯನ ಕಥೆ ಅಂತ ಮಕ್ಕಳಿಗೆ ಹೇಳಿ ಮುಗಿಸ್ತಾರೆ. ಹಿಂದಿನ ಅಧ್ಯಾಯದ ಜೊತೆ ಸೇರಿಸಿ ಓದ್ಬೇಕು ಅದನ್ನ. 18ರಲ್ಲಿ ಒಬ್ಬ ಶ್ರೀಮಂತ ಅಧಿಕಾರಿ ಬರ್ತಾನೆ, ಆಜ್ಞೆಗಳನ್ನೆಲ್ಲ ಚಿಕ್ಕಂದಿನಿಂದ ಪಾಲಿಸಿದೀನಿ ಅಂತಾನೆ, ಆಸ್ತಿ ಮಾರಿ ಬಡವರಿಗೆ ಕೊಡು ಅಂದ ತಕ್ಷಣ ದುಃಖ ಪಡ್ತಾನೆ. ಕೇಳಿದವರು ಹಾಗಾದ್ರೆ ಯಾರಿಗೆ ರಕ್ಷಣೆ ಆಗೋಕೆ ಸಾಧ್ಯ ಅಂತ ಕೇಳ್ತಾರೆ, ಮನುಷ್ಯರಿಗೆ ಅಸಾಧ್ಯವಾದದ್ದು ದೇವರಿಗೆ ಸಾಧ್ಯ ಅಂತ ಯೇಸು ಉತ್ತರ ಕೊಡ್ತಾನೆ. ಆ ಮಾತಿಗೆ ಸಾಕ್ಷಿ ಯೆರಿಕೋವಿನಲ್ಲಿ ಸಿಗುತ್ತೆ. ಇನ್ನೊಬ್ಬ ಶ್ರೀಮಂತ, ಅದೂ ಸುಂಕದವರ ಮುಖ್ಯಸ್ಥ, ರೋಮಿಗೆ ತೆರಿಗೆ ವಸೂಲಿ ಮಾಡಿ ತನ್ನವರನ್ನೇ ಹಿಂಡಿದವನು. ಇವನ ಹತ್ರ ಯೇಸು ಏನನ್ನೂ ಕೇಳಲ್ಲ, ಇಳಿದು ಬಾ, ಇವತ್ತು ನಿನ್ನ ಮನೇಲೇ ಇರ್ಬೇಕು ಅಂತಾನೆ ಅಷ್ಟೇ. ಊರೆಲ್ಲ ಗೊಣಗುತ್ತೆ. ಆಮೇಲೆ ಜಕ್ಕಾಯನೇ ಎದ್ದು ನಿಂತು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತಗೊಂಡಿದ್ರೆ ನಾಲ್ಕರಷ್ಟು ವಾಪಸ್ ಅಂತಾನೆ. ಧರ್ಮಶಾಸ್ತ್ರದ ಪ್ರಕಾರ ತಾನಾಗೇ ತಪ್ಪು ಒಪ್ಕೊಂಡು ಹಿಂತಿರುಗಿಸೋನು ಅಸಲಿನ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಟ್ರೆ ಸಾಕಿತ್ತು (ಅರಣ್ಯಕಾಂಡ 5:7). ನಾಲ್ಕರಷ್ಟು ಅನ್ನೋದು ಕುರಿ ಕದ್ದು ಕೊಯ್ದವನಿಗೆ ಇದ್ದ ದಂಡ. ಅವನು ತನ್ನನ್ನ ತಾನೇ ಕಳ್ಳರ ಸಾಲಲ್ಲಿ ನಿಲ್ಲಿಸ್ಕೊಂಡ. ಅದಕ್ಕೇ ಯೇಸು ಇವತ್ತು ಈ ಮನೆಗೆ ರಕ್ಷಣೆ ಆಯಿತು ಅಂದಿದ್ದು. ಇವತ್ತು, ಈ ಮನೆಗೆ. ಸತ್ತಮೇಲೆ ಅಂತ ಹೇಳಲಿಲ್ಲ.

ಕೊಟ್ಟಿದ್ದಕ್ಕೆ ರಕ್ಷಣೆ ಸಿಕ್ತು ಅಂತ ಯಾರಾದ್ರೂ ಅಂದ್ರೆ ಕಥೆಯ ಕ್ರಮ ತೋರಿಸಿ. ಯಾರೂ ಕಾಲಿಡದ ಮನೆಗೆ ಯೇಸು ಬಂದಿದ್ದು ಮೊದಲು. ಆದ್ರೆ ಕೊಡದೇ ಇದ್ದಿದ್ರೆ ಆ ಭೇಟಿ ಅವನ ಒಳಗೆ ಮುಟ್ಟಿದೆ ಅಂತ ಹೇಗೆ ಗೊತ್ತಾಗೋದು?

ರೋಮಾ_ಪತ್ರಿಕೆ:
ಸಹೋದರರೇ ನೀವು ಹೇಳಿದ್ದು ಚೆನ್ನಾಗಿದೆ, ಆದ್ರೆ ಒಂದು ವಿಷಯ ಯಾರೂ ಮುಟ್ಟಿಲ್ಲ, ಅದನ್ನ ಹೇಳದೇ ಇರೋಕೆ ಆಗಲ್ಲ. ರೋಮಾ 5:9ರಲ್ಲಿ ಪೌಲ ನೇರವಾಗಿ ಹೇಳ್ತಾನೆ, ಆತನ ರಕ್ತದಿಂದ ನೀತಿವಂತರಾದ ನಾವು ಆತನ ಮೂಲಕ ದೇವರ ಕೋಪದಿಂದ ರಕ್ಷಣೆ ಹೊಂದ್ತೀವಿ ಅಂತ. ಈಗಿನ ಕಾಲದಲ್ಲಿ ದೇವರ ಕೋಪ ಅಂದ್ರೆ ಎಲ್ಲರಿಗೂ ಮುಜುಗರ, ಆದ್ರೆ ಅನ್ಯಾಯ ನೋಡಿ ಕೋಪ ಬರದೇ ಇರೋ ದೇವರನ್ನ ಅನ್ಯಾಯಕ್ಕೆ ಒಳಗಾದವರು ಯಾಕೆ ನಂಬ್ಬೇಕು? ಎಲ್ಲರೂ ಪಾಪ ಮಾಡಿದ್ದಾರೆ, 3:23. ಅಲ್ಲಿಗೇ ನಿಲ್ಲಿಸದೆ 26ರ ತನಕ ಓದಿ. ದೇವರು ತಾನೂ ನ್ಯಾಯವಂತನಾಗಿ ಉಳಿದು ಪಾಪಿಯನ್ನೂ ನೀತಿವಂತ ಅಂತ ಹೇಗೆ ನಿರ್ಣಯಿಸೋಕೆ ಆಗುತ್ತೆ ಅನ್ನೋದಕ್ಕೆ ಶಿಲುಬೆ ಉತ್ತರ. ಪಾಪಕ್ಕೆ ಕಣ್ಣು ಮುಚ್ಚಿ ಬಿಟ್ಟುಬಿಟ್ಟದ್ದು ಕ್ಷಮೆ ಆಗಲ್ಲ, ಅದರ ಬೆಲೆಯನ್ನ ದೇವರೇ ಹೊತ್ತುಕೊಂಡ.

1517ರಲ್ಲಿ ಮಾರ್ಟಿನ್ ಲೂಥರ್ ಎತ್ತಿದ, ಪ್ರೊಟೆಸ್ಟಂಟ್ ಸಭೆಗಳಿಗೆ ದಾರಿಯಾದ ಜಗಳದ ಹಿಂದೆ ಇದೇ ಇತ್ತು. ಸನ್ಯಾಸಿಯಾಗಿ ಉಪವಾಸ, ಪ್ರಾರ್ಥನೆ, ಪಾಪನಿವೇದನೆ ಎಷ್ಟು ಮಾಡಿದ್ರೂ ಮನಸ್ಸಿಗೆ ನೆಮ್ಮದಿ ಸಿಗದ ಮನುಷ್ಯ ಅವನು. ದೇವರ ನೀತಿ ಅಂದ್ರೆ ನನ್ನನ್ನ ಶಿಕ್ಷಿಸೋ ನೀತಿ ಅಂತ ನಡುಗ್ತಿದ್ದೋನಿಗೆ ರೋಮಾ 1:17 ಓದ್ತಾ ಅದು ನಂಬಿದವನಿಗೆ ದೇವರು ಕೊಡೋ ನೀತಿ ಅಂತ ಹೊಳೀತು. ಕ್ರಿಯೆಗಳನ್ನ ಸ್ವಲ್ಪವಾದ್ರೂ ಒಳಗೆ ಬಿಟ್ಕೊಂಡ್ರೆ ಮನುಷ್ಯ ಮತ್ತೆ ತನ್ನ ಲೆಕ್ಕಪುಸ್ತಕ ತೆಗೆದು ಕೂರ್ತಾನೆ, ಅದು ನನ್ನ ಆತಂಕ.

ಕಥೋಲಿಕ_ಸಹೋದರಿ:
ನಿಮ್ಮ ಆತಂಕ ಅರ್ಥ ಆಗುತ್ತೆ, ಆದ್ರೆ ಕಥೋಲಿಕರು ಪುಣ್ಯ ಕೂಡಿಟ್ಟು ರಕ್ಷಣೆ ಕೊಂಡ್ಕೊಳ್ತಾರೆ ಅನ್ನೋ ಮಾತು ಎಲ್ಲೆಲ್ಲೂ ಕೇಳಿ ಕೇಳಿ ಬೇಜಾರಾಗಿದೆ, ಅದಕ್ಕೆ ಬರೀತಿದೀನಿ. ನಮ್ಮ ಪ್ರಯತ್ನದಿಂದಲೇ ದೇವರ ಹತ್ರ ಹೋಗಬಹುದು ಅಂತ ಪೆಲಾಜಿಯಸ್ ಹೇಳಿದಾಗ ಸಂತ ಅಗಸ್ಟೀನ್ ಜೀವನದ ಕೊನೇ ವರ್ಷಗಳನ್ನೆಲ್ಲ ಅದರ ವಿರುದ್ಧ ಬರೆಯೋಕೆ ಕೊಟ್ರು. 529ರಲ್ಲಿ ಈಗಿನ ಫ್ರಾನ್ಸ್‌ನ ಆರೆಂಜ್ ಊರಲ್ಲಿ ಸೇರಿದ ಬಿಷಪರ ಸಭೆ ನಂಬಿಕೆಯ ಮೊದಲ ಹೆಜ್ಜೆ ಕೂಡ ಕೃಪೆಯಿಂದಲೇ ಅಂತ ಹೇಳ್ತು. ಲೂಥರ್‌ಗೆ ಉತ್ತರ ಕೊಡೋಕೆ ಕೂತ ಕಥೋಲಿಕರ ಟ್ರೆಂಟ್ ಮಹಾಸಭೆಯೇ 1547ರಲ್ಲಿ ನೀತಿಕರಣಕ್ಕೆ (ದೇವರು ಪಾಪಿಯನ್ನ ನೀತಿವಂತ ಮಾಡೋದಕ್ಕೆ) ಮುಂಚೆ ಬರೋ ಯಾವುದೂ, ನಂಬಿಕೆಯಾಗಲಿ ಕ್ರಿಯೆಯಾಗಲಿ, ಆ ಕೃಪೆಯನ್ನ ಸಂಪಾದಿಸಲ್ಲ ಅಂತ ಬರೀತು. ನಾವು ಒತ್ತು ಕೊಡೋದು ಇನ್ನೊಂದು ಕಡೆ. ದೇವರು ಒಬ್ಬನನ್ನ ನೀತಿವಂತ ಅಂತ ಕರೆದ ಮೇಲೆ ಅವನು ನಿಜವಾಗ್ಲೂ ಒಳಗಿಂದ ಬದಲಾಗ್ತಾನೆ, ದೇವರ ಮಾತು ಬರೀ ಹೆಸರಿಗೆ ನಿಲ್ಲಲ್ಲ. ಜ್ಞಾನಸ್ನಾನ, ಪರಮಪ್ರಸಾದ ಇವೆಲ್ಲ ಆ ಜೀವ ನಮಗೆ ಮುಟ್ಟೋ ದಾರಿಗಳು.

ಮತ್ತೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟ ಮತ್ತು ಕಥೋಲಿಕ ಸಭೆ ಒಟ್ಟಿಗೆ ಒಂದು ಘೋಷಣೆಗೆ ಸಹಿ ಹಾಕಿವೆ. ನಮ್ಮ ಕಡೆಯ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದಲೇ, ಕ್ರಿಸ್ತನ ಕಾರ್ಯದಲ್ಲಿ ನಂಬಿಕೆ ಇಟ್ಟು ದೇವರಿಗೆ ಸ್ವೀಕೃತರಾಗ್ತೀವಿ, ಒಳ್ಳೆ ಕ್ರಿಯೆಗಳಿಗೆ ಕರೆಯೋ ಪವಿತ್ರಾತ್ಮನನ್ನ ಹೊಂದ್ತೀವಿ ಅನ್ನೋದು ಅದರ ತಿರುಳು. 2006ರಲ್ಲಿ ಮೆಥಡಿಸ್ಟರೂ ಒಪ್ಪಿದ್ರು. ಎಲ್ಲಾ ಭೇದ ಮುಗೀತು ಅಂತ ನಾನು ಹೇಳ್ತಿಲ್ಲ. ಆದ್ರೆ ನಾನೂರೈವತ್ತು ವರ್ಷ ಒಬ್ಬರನ್ನೊಬ್ಬರು ಶಪಿಸಿದ ಜಾಗದಲ್ಲಿ ಇಷ್ಟು ಒಟ್ಟಿಗೆ ಹೇಳೋಕೆ ಆಗಿದೆ ಅಂದ್ಮೇಲೆ ನಾವೂ ಹಳೇ ಆರೋಪಗಳನ್ನ ಹಾಗೇ ಒಪ್ಪಿಸ್ತಾ ಇರಬಾರದು.

ತೋಮನ_ಪ್ರಶ್ನೆ:
ಇಬ್ಬರಿಗೂ ಥ್ಯಾಂಕ್ಸ್. ಆದ್ರೆ ಯಾಕೋಬನ ಪ್ರಶ್ನೆ ಹಾಗೇ ಉಳೀತು. ಪೌಲನೂ ಅಬ್ರಹಾಮನ ಉದಾಹರಣೆ ಕೊಡ್ತಾನೆ, ಯಾಕೋಬನೂ ಅದೇ ಅಬ್ರಹಾಮನ ಉದಾಹರಣೆ ಕೊಡ್ತಾನೆ, ಇಬ್ಬರೂ ಉಲ್ಟಾ ಹೇಳ್ತಾರೆ ಅನ್ಸುತ್ತೆ.

ಹಳೇಒಡಂಬಡಿಕೆ_ಓದುಗ:
ಅಬ್ರಹಾಮನ ಜೀವನದ ಯಾವ ಘಟ್ಟದ ಬಗ್ಗೆ ಇಬ್ಬರೂ ಮಾತಾಡ್ತಿದ್ದಾರೆ ನೋಡಿ. ಪೌಲ ಹಿಡಿಯೋದು ಆದಿಕಾಂಡ 15:6. ಮಕ್ಕಳಿಲ್ಲದ ಮುದುಕನಿಗೆ ದೇವರು ನಕ್ಷತ್ರ ತೋರಿಸಿ ನಿನ್ನ ಸಂತಾನ ಹೀಗಾಗುತ್ತೆ ಅಂತಾನೆ, ಅವನು ನಂಬ್ತಾನೆ, ಅದು ಅವನ ಲೆಕ್ಕಕ್ಕೆ ನೀತಿ ಅಂತ ಎಣಿಕೆ ಆಗುತ್ತೆ. ಸುನ್ನತಿ ಬಂದಿದ್ದು 17ರಲ್ಲಿ. ಹಾಗಾಗಿ ಸುನ್ನತಿ ಇಲ್ಲದ ಅನ್ಯಜನರೂ (ಯೆಹೂದ್ಯರಲ್ಲದವರೂ) ಅಬ್ರಹಾಮನ ಮಕ್ಕಳೇ, ಅವರ ಮೇಲೆ ಮತ್ತೊಂದು ಷರತ್ತು ಹಾಕಬೇಡಿ ಅನ್ನೋದು ರೋಮಾ 4ರ ವಾದ. ಯಾಕೋಬ ನೋಡೋದು ಆದಿಕಾಂಡ 22, ಇಸಾಕನನ್ನ ಬೆಟ್ಟಕ್ಕೆ ಕರ್ಕೊಂಡು ಹೋಗಿದ್ದು, ಎಷ್ಟೋ ವರ್ಷಗಳ ನಂತರ. ಯಾಕೋಬನ ಎದುರಿಗೆ ಇರೋ ಜನವೇ ಬೇರೆ. ಬಟ್ಟೆ ಇಲ್ಲದ, ಊಟ ಇಲ್ಲದ ಸಹೋದರನಿಗೆ ಸಮಾಧಾನವಾಗಿ ಹೋಗು, ಬೆಚ್ಚಗಿರು, ಹೊಟ್ಟೆ ತುಂಬಿಸ್ಕೋ ಅಂತ ಬಾಯಲ್ಲಿ ಹೇಳಿ ಕೈ ಚಾಚದ ಜನ. ದೇವರು ಒಬ್ಬನೇ ಅಂತ ದೆವ್ವಗಳೂ ನಂಬ್ತವೆ, ನಂಬಿ ನಡುಗ್ತವೆ ಅಂತ ಅವರಿಗೆ ಹೇಳ್ತಾನೆ. ಬಾಗಿಲಲ್ಲಿ ಅಡ್ಡ ನಿಂತವರಿಗೆ ಪೌಲ ಬರೀತಾನೆ, ಒಳಗೆ ಬಂದು ಮಲಗಿದವರಿಗೆ ಯಾಕೋಬ. ಪೌಲನೂ ಗಲಾತ್ಯ 5:6ರಲ್ಲಿ ಪ್ರೀತಿಯಿಂದ ಕೆಲಸ ಮಾಡೋ ನಂಬಿಕೆಯೇ ಮುಖ್ಯ ಅಂತಾನಲ್ಲ.

ಎಫೆಸ 2ನ್ನೂ 9ಕ್ಕೆ ನಿಲ್ಲಿಸ್ಬೇಡಿ, 10 ಇದೆ. ಕ್ರಿಯೆಗಳಿಂದ ಅಲ್ಲ, ಆದ್ರೆ ಒಳ್ಳೆ ಕ್ರಿಯೆಗಳಿಗೋಸ್ಕರ ಸೃಷ್ಟಿಯಾದವರು. ಮತ್ತೆ ಅದೇ ವಿಮೋಚನಕಾಂಡದ ಕ್ರಮ.

ರೋಮಾ_ಪತ್ರಿಕೆ:
ಇದಕ್ಕೆ ನನ್ನ ಒಪ್ಪಿಗೆ ಇದೆ. ಕ್ರಿಯೆ ಬೇರಲ್ಲ, ಫಲ. ಫಿಲಿಪ್ಪಿ 2:12ಕ್ಕೂ ಹಾಗೇ, ಮುಂದಿನ ವಚನ ಓದ್ಲೇಬೇಕು. ಇಚ್ಛೆಯನ್ನೂ ಶಕ್ತಿಯನ್ನೂ ನಿಮ್ಮೊಳಗೆ ಹುಟ್ಟಿಸೋನು ದೇವರೇ ಅಂತ 13ರಲ್ಲಿದೆ. ಮತ್ತೆ ತೋಮ ಅವರೇ, "ರಕ್ಷಣೆ ಆಗಿದೆಯಾ" ಅನ್ನೋ ಪ್ರಶ್ನೆಗೆ ಒಂದೇ ಮಾತಲ್ಲಿ ಉತ್ತರ ಸಿಗದೇ ಇರೋಕೆ ಇನ್ನೊಂದು ಕಾರಣ ಇದೆ. ಎಫೆಸ 2:8ರಲ್ಲಿ ಅದು ಆಗಿಹೋಗಿರೋ ಸಂಗತಿ, 1 ಕೊರಿಂಥ 1:18ರಲ್ಲಿ ರಕ್ಷಣೆ ಹೊಂದುತ್ತಿರೋ ನಮಗೆ ಅಂತ ಈಗ ನಡೀತಿರೋದು, ರೋಮಾ 13:11ರಲ್ಲಿ ನಾವು ನಂಬಿದಾಗ ಇದ್ದಿದ್ದಕ್ಕಿಂತ ಈಗ ರಕ್ಷಣೆ ಹತ್ತಿರ ಬಂದಿದೆ ಅಂತ ಮುಂದೆ ಬರೋದು. ಬರೆದವನು ಒಬ್ಬನೇ ಪೌಲ. ಯಾರಾದ್ರೂ ಕೇಳಿದ್ರೆ ಹೌದು ಆಗಿದೆ, ಆಗ್ತಾ ಇದೆ, ಇನ್ನೂ ಆಗ್ಬೇಕು ಅಂತ ಮೂರನ್ನೂ ಧೈರ್ಯವಾಗಿ ಹೇಳಿ.

ಅಲೆಕ್ಸಾಂಡ್ರಿಯ_ದಾರಿ:
ಎಲ್ಲರೂ ಕೋರ್ಟಿನ ಭಾಷೆಯಲ್ಲೇ ಮಾತಾಡ್ತಿದ್ದೀರಿ, ಪೂರ್ವದ ಆರ್ಥೊಡಾಕ್ಸ್ ಸಭೆಗಳು ಕೇಳೋ ಪ್ರಶ್ನೆ ಸ್ವಲ್ಪ ಬೇರೆ. ಪಾಪ ಅಪರಾಧವೂ ಹೌದು, ಆದ್ರೆ ಅದಕ್ಕಿಂತ ಹೆಚ್ಚಾಗಿ ರೋಗ, ಅದರ ಕೊನೆ ಸಾವು. ಕ್ಷಮಾಪತ್ರ ಕೈಗೆ ಕೊಟ್ಟು ರೋಗಿಯನ್ನ ಹಾಗೇ ಬಿಟ್ರೆ ಅದು ರಕ್ಷಣೆ ಹೇಗಾಗುತ್ತೆ? ನಾಲ್ಕನೇ ಶತಮಾನದ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಷಿಯಸ್ ಹೇಳೋದು ಇದನ್ನೇ, ಸೃಷ್ಟಿ ಶೂನ್ಯದ ಕಡೆ ಜಾರ್ತಾ ಇತ್ತು, ಸೃಷ್ಟಿ ಮಾಡಿದ ದೇವರ ವಾಕ್ಯವೇ, ಅಂದ್ರೆ ಕ್ರಿಸ್ತನೇ, ಮನುಷ್ಯ ದೇಹ ತಗೊಂಡು ಸಾವಿನ ಒಳಗೇ ಹೋಗಿ ಅದನ್ನ ಮುರೀತು. ಇಬ್ರಿಯ 2:14, 15 ನೋಡಿ, ಮರಣಭಯದಿಂದ ಜೀವನವೆಲ್ಲ ದಾಸರಾಗಿದ್ದವರ ಬಿಡುಗಡೆ. 2 ಪೇತ್ರ 1:4ರಲ್ಲಿ ದೈವಸ್ವಭಾವದಲ್ಲಿ ಪಾಲುಗಾರರಾಗೋದು ಅಂತಲೇ ಇದೆ. ಪಶ್ಚಿಮದಲ್ಲಿ ಶುಭ ಶುಕ್ರವಾರಕ್ಕೆ ಕೊಡೋ ತೂಕ ಪುನರುತ್ಥಾನಕ್ಕೆ ಕೊಡಲ್ಲ ಅನ್ನೋದು ನನಗೆ ನಿಜವಾಗ್ಲೂ ನೋವು. ಕ್ರಿಸ್ತ ಎದ್ದಿಲ್ಲ ಅಂದ್ರೆ ನೀವಿನ್ನೂ ನಿಮ್ಮ ಪಾಪಗಳಲ್ಲೇ ಇದೀರಿ ಅಂತ ಪೌಲನೇ ಹೇಳ್ತಾನಲ್ಲ, 1 ಕೊರಿಂಥ 15:17.

ಇದರಿಂದಲೇ ಶೀರ್ಷಿಕೆಯ ಪ್ರಶ್ನೆಗೂ ಉತ್ತರ ಸಿಗುತ್ತೆ. ಆತ್ಮ ಮಾತ್ರ ಹಾರಿ ಮೇಲೆ ಹೋಗೋದು ಸತ್ಯವೇದದ ಕೊನೇ ಚಿತ್ರ ಆಗಿಲ್ಲ. ದೇಹ ಎದ್ದು ಬರುತ್ತೆ. ಇಡೀ ಸೃಷ್ಟಿ ಪ್ರಸವವೇದನೆ ಪಡ್ತಾ ಬಿಡುಗಡೆಗೆ ಕಾಯ್ತಿದೆ ಅಂತ ರೋಮಾ 8. ಪ್ರಕಟನೆ 21ರಲ್ಲಿ ಜನ ಮೇಲಕ್ಕೆ ಹೋಗಲ್ಲ, ಪರಿಶುದ್ಧ ಪಟ್ಟಣವೇ ಕೆಳಗೆ ಇಳಿದು ಬರುತ್ತೆ, ದೇವರು ಮನುಷ್ಯರ ಜೊತೆ ವಾಸ ಮಾಡ್ತಾನೆ.

ಮೂಲೆಯಲ್ಲಿ_ಕೂತವಳು:
ಇಲ್ಲಿ ಕೇಳಬಹುದೋ ಇಲ್ವೋ ಗೊತ್ತಿಲ್ಲ. ಇಬ್ರಿಯ 6:4ರಿಂದ 6 ಓದಿದಾಗಿಂದ ನಿದ್ದೆ ಇಲ್ಲ. ಒಮ್ಮೆ ಬೆಳಕು ಕಂಡು ಬಿದ್ದುಹೋದವರನ್ನ ಮತ್ತೆ ಮಾನಸಾಂತರಕ್ಕೆ (ಪಶ್ಚಾತ್ತಾಪ ಪಟ್ಟು ದೇವರ ಕಡೆ ತಿರುಗೋದಕ್ಕೆ) ತರೋದು ಅಸಾಧ್ಯ ಅಂತ ಇದೆ. ನಾನು ಕೆಲವು ವರ್ಷ ಎಲ್ಲಾ ಬಿಟ್ಟು ದೂರ ಇದ್ದೆ, ಈಗ ವಾಪಸ್ ಬಂದಿದೀನಿ. ನನಗೆ ಬಾಗಿಲು ಮುಚ್ಚಿದೆಯಾ?

ಲೂಕನ_ಅಭಿಮಾನಿ:
ಕೇಳಿದ್ದು ತುಂಬಾ ಒಳ್ಳೇದಾಯ್ತು. ಇಲ್ಲ, ಮುಚ್ಚಿಲ್ಲ. ಆ ಭಾಗ ಬರೆದವನ ಎದುರಿಗೆ ಇದ್ದಿದ್ದು ಹಿಂಸೆಯ ಒತ್ತಡದಲ್ಲಿ ಕ್ರಿಸ್ತನನ್ನ ಬಹಿರಂಗವಾಗಿ ತಿರಸ್ಕರಿಸಿ ಅಲ್ಲೇ ಗಟ್ಟಿಯಾಗಿ ನಿಲ್ಲೋ ಅಪಾಯ. ವಾಪಸ್ ಬರೋಕೆ ಹಾತೊರೀತಿರೋರಿಗೆ ಬರೆದದ್ದಲ್ಲ ಅದು. ಮೂರೇ ವಚನ ಮುಂದೆ, 6:9ರಲ್ಲಿ, ನಾವು ಹೀಗೆ ಮಾತಾಡಿದ್ರೂ ಪ್ರಿಯರೇ ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೇದನ್ನೇ, ರಕ್ಷಣೆಗೆ ಸೇರಿದ್ದನ್ನೇ ನಂಬಿದೀವಿ ಅಂತ ಬರೀತಾನೆ. ಪೇತ್ರ ಮೂರು ಸಲ ನನಗೆ ಆತ ಗೊತ್ತೇ ಇಲ್ಲ ಅಂದ, ಅದೂ ಆಣೆ ಇಟ್ಟು. ಅವನು ಬೀಳೋಕೆ ಮುಂಚೆಯೇ ಯೇಸು ನಿನ್ನ ನಂಬಿಕೆ ಕುಂದದ ಹಾಗೆ ಪ್ರಾರ್ಥಿಸಿದೀನಿ, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನ ಬಲಪಡಿಸು ಅಂದಿದ್ದ (ಲೂಕ 22:32). ಲೂಕ 15ರಲ್ಲಿ ಮಗ ಇನ್ನೂ ದೂರ ಇರುವಾಗಲೇ ಅಪ್ಪ ಓಡಿ ಬರ್ತಾನೆ, ಮಗ ರೆಡಿ ಮಾಡ್ಕೊಂಡಿದ್ದ ಮಾತು ಪೂರ್ತಿ ಹೇಳೋಕೂ ಬಿಡಲ್ಲ. ನೀವು ವಾಪಸ್ ಬಂದಿರೋದೇ ನಿಮಗೆ ಉತ್ತರ. ಒಬ್ಬರೇ ಇದನ್ನ ಹೊತ್ಕೊಂಡು ಇರ್ಬೇಡಿ, ನೀವು ನಂಬೋ ಒಬ್ಬ ಹಿರಿಯರ ಹತ್ರ ಎದುರು ಕೂತು ಮಾತಾಡಿ.

ರೋಮಾ_ಪತ್ರಿಕೆ:
ರಕ್ಷಣೆ ಕಳ್ಕೊಳ್ಳೋಕೆ ಸಾಧ್ಯವಾ ಅನ್ನೋದರ ಬಗ್ಗೆ ಸಭೆಗಳಲ್ಲಿ ಭಿನ್ನಾಭಿಪ್ರಾಯ ಇದೆ, 1618, 19ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೋರ್ಟ್ ಊರಲ್ಲಿ ಸೇರಿದ ಪ್ರೊಟೆಸ್ಟಂಟ್ ಸಭೆಯಲ್ಲಿ ಅರ್ಮಿನಿಯಸ್ ಅನ್ನೋ ಪಂಡಿತನ ಅನುಯಾಯಿಗಳ ಜೊತೆ ನಡೆದ ಚರ್ಚೆಯಲ್ಲಿ ಇದೂ ಒಂದು ವಿಷಯ. ನಾನು ಯೋಹಾನ 10:28ರ ಕಡೆಯವನು, ಆತನ ಕೈಯಿಂದ ಯಾರೂ ಕಸ್ಕೊಳ್ಳಲ್ಲ. ಆದ್ರೆ ಎರಡೂ ಕಡೆಯವರು ಒಂದು ಮಾತು ಒಪ್ತಾರೆ ತಂಗಿ, ತಿರುಗಿ ಬರೋರನ್ನ ಆತ ತಳ್ಳಿಬಿಡಲ್ಲ, ಯೋಹಾನ 6:37. ಇವತ್ತು ರಾತ್ರಿ ರೋಮಾ 8ರ ಕೊನೇ ಭಾಗ ಓದಿ ಮಲಗಿ.

ಮೂಲೆಯಲ್ಲಿ_ಕೂತವಳು:
ಓದ್ತೀನಿ. ಇಬ್ಬರಿಗೂ ತುಂಬಾ ಧನ್ಯವಾದ.

ತೋಮನ_ಪ್ರಶ್ನೆ:
ಇನ್ನೊಂದು ಮಾತ್ರ ಕೇಳಿಬಿಡ್ತೀನಿ. ಸುವಾರ್ತೆ ಕೇಳೋ ಅವಕಾಶವೇ ಸಿಗದವರ ಕಥೆ ಏನು? ಕೃತ್ಯಗಳು 4:12ರಲ್ಲಿ ಬೇರೆ ಯಾರಲ್ಲೂ ರಕ್ಷಣೆ ಇಲ್ಲ ಅಂತ ಇದೆ.

ಕಥೋಲಿಕ_ಸಹೋದರಿ:
ರಕ್ಷಿಸೋನು ಕ್ರಿಸ್ತನೇ ಅನ್ನೋದರಲ್ಲಿ ನಮಗೆ ಎರಡು ಮಾತಿಲ್ಲ. ಆದ್ರೆ ಆತನ ಕೃಪೆ ಎಷ್ಟು ದೂರ ಮುಟ್ಟುತ್ತೆ ಅಂತ ಗೆರೆ ಎಳೆಯೋಕೆ ನಾವು ಯಾರು? ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ, ತಮ್ಮದಲ್ಲದ ತಪ್ಪಿಗೆ ಸುವಾರ್ತೆ ತಿಳಿಯದೇ ಇದ್ದು ಪ್ರಾಮಾಣಿಕವಾಗಿ ದೇವರನ್ನ ಹುಡುಕಿ, ಮನಸ್ಸಾಕ್ಷಿ ತೋರಿಸಿದ ಹಾಗೆ ಕೃಪೆಯ ಪ್ರೇರಣೆಯಿಂದ ನಡೆಯೋರಿಗೂ ರಕ್ಷಣೆ ಸಿಗಬಹುದು ಅಂತ ಹೇಳಿದೆ. ಅಬ್ರಹಾಮನಿಗೆ ಯೇಸುವಿನ ಹೆಸರು ಗೊತ್ತಿರ್ಲಿಲ್ಲ. ಅಬ್ರಹಾಮನನ್ನ ಆಶೀರ್ವದಿಸಿದ ಯಾಜಕ ಮೆಲ್ಕೀಚೆದೆಕನಿಗೂ ಇಲ್ಲ, ಕಷ್ಟದಲ್ಲೂ ದೇವರನ್ನ ಬಿಡದ ಯೋಬನಿಗೂ ಇಲ್ಲ.

ರೋಮಾ_ಪತ್ರಿಕೆ:
ಇಲ್ಲಿ ನಾನು ಅಷ್ಟು ದೂರ ಬರಲ್ಲ. ಅಬ್ರಹಾಮನಿಗೆ ಹೆಸರು ಗೊತ್ತಿರ್ಲಿಲ್ಲ ನಿಜ, ವಾಗ್ದಾನ ಗೊತ್ತಿತ್ತು, ಅದನ್ನ ನಂಬಿದ. ಸಾರೋರಿಲ್ಲದೆ ಕೇಳೋದು ಹೇಗೆ ಅಂತ ರೋಮಾ 10:14 ಕೇಳುತ್ತೆ, ಆ ತುರ್ತು ನಮ್ಮಿಂದ ಹೋಗಬಾರದು. ಆದ್ರೆ ಭೂಲೋಕಕ್ಕೆಲ್ಲಾ ನ್ಯಾಯ ತೀರಿಸೋನು ನ್ಯಾಯವನ್ನೇ ಮಾಡ್ತಾನೆ, ಆದಿಕಾಂಡ 18:25, ಅದನ್ನ ನಾನೂ ಗಟ್ಟಿಯಾಗಿ ನಂಬ್ತೀನಿ.

ತೋಮನ_ಪ್ರಶ್ನೆ:
ಸರಿ, ನಾನೀಗ ವಿಮೋಚನಕಾಂಡ 12ರಿಂದ 20, ಆಮೇಲೆ ಲೂಕ 15ರಿಂದ 19, ಆಮೇಲೆ ರೋಮಾ 3ರಿಂದ 8 ಅಂತ ಓದೋಕೆ ಕೂರ್ತಿದೀನಿ. ರೋಮಾ 9 ತೆರೆದು ನೋಡಿದೆ, ಯಾಕೋಬನನ್ನ (ಪತ್ರಿಕೆ ಬರೆದವನಲ್ಲ, ಇಸಾಕನ ಮಗ) ಪ್ರೀತಿಸಿದೆ, ಅವನ ಅಣ್ಣ ಏಸಾವನನ್ನ ದ್ವೇಷಿಸಿದೆ ಅಂತ ಇದೆ, ಅಲ್ಲೇ ಭಯ ಆಯ್ತು.

ಹಳೇಒಡಂಬಡಿಕೆ_ಓದುಗ:
9ನ್ನ ಒಂದೇ ಓದ್ಬೇಡಿ, 9, 10, 11 ಒಂದೇ ಉಸಿರಲ್ಲಿ ಓದಿ. 11:32ರಲ್ಲಿ ಎಲ್ಲರಿಗೂ ಕರುಣೆ ತೋರಿಸೋಕೋಸ್ಕರ ಅನ್ನೋ ಮಾತು ಬರುತ್ತೆ, ಪೌಲನ ವಾದ ಅಲ್ಲಿಗೆ ಬಂದು ಮುಟ್ಟೋದು. ಮಲಾಕಿಯ 1ನ್ನೂ ಪಕ್ಕಕ್ಕೆ ಇಟ್ಕೊಳ್ಳಿ, ಆ ಏಸಾವನ ಮಾತು ಅಲ್ಲಿಂದ ಬಂದಿದ್ದು, ಅಲ್ಲಿ ಅದು ಏಸಾವನ ವಂಶದ ಎದೋಮ್ ಜನಾಂಗದ ಬಗ್ಗೆ ಇದೆ. ಓದಿ ಆದ್ಮೇಲೆ ಹೊಸ ಥ್ರೆಡ್ ಶುರು ಮಾಡಿ, ಅಲ್ಲಿ ಮಾತಾಡೋಣ.